ಬಿಯರ್ ಫ್ರೀಜರಿಗಿಡುವ ಮುಂಚೆ ಆ ಟ್ಯೂಬ್ ಕಡೆ ಒಮ್ಮೆ ನೋಡಿ

ಮನೆಯಲ್ಲೇ ಮಾಡಿದ 19 ಲೀಟರ್ ಬಿಯರನ್ನು ಸಿಂಕಿಗೆ ಸುರಿದು ಈಗಷ್ಟೇ ಬಂದು ಕೂತಿದ್ದೇನೆ. ಹೊಟ್ಟೆ ಉರಿಯುತ್ತಿದೆ. ಬಿಸಿ ಆರುವ ಮುಂಚೆ ಬರೆದುಬಿಡುತ್ತೇನೆ.

ನಾನಿರುವುದು ಓಹಾಯೋದಲ್ಲಿ. 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದಾಗಿ ಅಮೆರಿಕದಲ್ಲಿ ಮನೆ ಬಳಕೆಗೆ ಬಿಯರ್ ಮಾಡಿಕೊಳ್ಳಲು ದಾರಿಯಾಯಿತು. ಊರಲ್ಲಿ ಕೂತು ಓದುತ್ತಿರುವವರು ಸುಮ್ನೆ ಓದಿ ಬಿಡಿ. ಅಲ್ಲಿ ಲೈಸೆನ್ಸ್ ಇಲ್ಲದೆ ಮಾಡಿದರೆ ಅಬಕಾರಿಯವರು ಮನೆಗೆ ಬರುತ್ತಾರೆ.

ಜುಲೈ 4ರ ರಜೆಗೆ ಸ್ನೇಹಿತರು ಬರುವವರಿದ್ದರು. ಬಿಯರಿಗೆ ಕಹಿ, ಪರಿಮಳ ಕೊಡುವ ಹಾಪ್ಸ್ ಹೂವನ್ನು ಧಾರಾಳವಾಗಿ ಹಾಕಿ ಐಪಿಎ ಅನ್ನುವ ಬಗೆಯ ಬಿಯರ್ ಮಾಡಿದ್ದೆ. ಏಳನೇ ದಿನಕ್ಕೆ ಗುಳ್ಳೆ ಬರುವುದು ನಿಂತಿತು. ಹುದುಗು ಬರುವುದು ಮುಗೀತು ಅಂದುಕೊಂಡು ಫರ್ಮೆಂಟರನ್ನು (ಬಿಯರ್ ಹುದುಗು ಬರುವ ಪಾತ್ರೆ) ಹಾಗೇ ಎತ್ತಿ ಗ್ಯಾರೇಜಿನ ಚೆಸ್ಟ್ ಫ್ರೀಜರಿಗೆ ಇಟ್ಟೆ. ಎರಡು ಡಿಗ್ರಿಗೆ ಇಳಿಸಿದರೆ ಯೀಸ್ಟ್ ತಳಕ್ಕೆ ಕೂತು ಬಿಯರ್ ತಿಳಿಯಾಗುತ್ತದೆ. ಕೋಲ್ಡ್ ಕ್ರ್ಯಾಶ್ ಅನ್ನುವುದು ಇದಕ್ಕೇ. ಒಳಗಿನ ಗ್ಯಾಸ್ ಹೊರಹೋಗಲೆಂದು ಮುಚ್ಚಳದಿಂದ ಹೊರಟ ಟ್ಯೂಬಿನ ತುದಿ, ಪಾತ್ರೆಗಳ ಕ್ರಿಮಿ ಕೊಲ್ಲುವ ಸ್ಯಾನಿಟೈಜರ್ ಬೆರೆಸಿದ ನೀರಿನ ಜಾರಿನಲ್ಲಿ ಮುಳುಗಿತ್ತು. ಅದನ್ನು ಮುಟ್ಟಲೇ ಇಲ್ಲ. ಇಡೀ ಕಥೆ ಕೆಟ್ಟಿದ್ದು ಅಲ್ಲೇ.

ಬೆಳಿಗ್ಗೆ ನೋಡಿದರೆ ಜಾರಿನಲ್ಲಿ ನೀರೇ ಇಲ್ಲ! ಸೋರಿರಬೇಕು ಅಂತ ನೆಲವೆಲ್ಲ ತಡವಿದೆ, ಒಣಗಿತ್ತು. ನೀರು ಹೋಗಿದ್ದು ಬಿಯರಿನೊಳಕ್ಕೆ.

ಆಮೇಲೆ ಯೋಚಿಸಿದರೆ ಇದರಲ್ಲಿ ಮಾಯ ಮಂತ್ರ ಏನೂ ಇಲ್ಲ. ತಣ್ಣಗಾದ ಅನಿಲ ಕುಗ್ಗುತ್ತದೆ. ಅದೂ ಸಾಲದು ಅಂತ, ಬಿಯರ್ ತಣ್ಣಗಾದಷ್ಟೂ ಮೇಲಿರುವ ಕಾರ್ಬನ್ ಡೈಆಕ್ಸೈಡನ್ನು ತಾನೇ ಜಾಸ್ತಿ ಹೀರಿಕೊಳ್ಳುತ್ತದೆ. ಒಳಗೆ ಒತ್ತಡ ಇಳಿಯುತ್ತದೆ, ಹೊರಗಿನದು ನುಗ್ಗುತ್ತದೆ. ಮೊದಲು ಜಾರಿನ ನೀರು, ಅದು ಖಾಲಿಯಾದ ಮೇಲೆ ಗಾಳಿ. ಸ್ವಲ್ಪ ಸ್ಯಾನಿಟೈಜರ್ ಸೇರಿದ್ದನ್ನಾದರೂ ಹೇಗೋ ನುಂಗಿಕೊಳ್ಳಬಹುದಿತ್ತು. ಗಾಳಿಯಲ್ಲಿರುವ ಆಮ್ಲಜನಕ ಮಾತ್ರ ಹಾಪ್ಸ್ ಜಾಸ್ತಿ ಇರುವ ಬಿಯರಿಗೆ ವಿಷ ಇದ್ದಂತೆ. ಮಾವಿನ ರಸದ ಬಣ್ಣದಲ್ಲಿದ್ದದ್ದು ಕೆಲವೇ ದಿನದಲ್ಲಿ ರಾಡಿ ನೀರಿನ ಬಣ್ಣಕ್ಕೆ ತಿರುಗಿತು. ನನ್ನ ಹೆಂಡತಿ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು. "ರೀ, ಮಳೇಲಿ ನೆಂದ ರಟ್ಟಿನ ಡಬ್ಬ ಇದ್ದ ಹಾಗಿದೆ" ಅಂದಳು. ಸರಿಯಾಗೇ ಹೇಳಿದಳು.

ಇನ್ನೊಂದು ಎಡವಟ್ಟೂ ಆಗಿತ್ತು. ಫ್ರೀಜರಿನ ತಂಪು ಹಿಡಿತದಲ್ಲಿಡುವ ಕಂಟ್ರೋಲರಿನ ಸೆನ್ಸರನ್ನು ಫ್ರೀಜರಿನೊಳಗೆ ಸುಮ್ನೆ ನೇತುಬಿಟ್ಟಿದ್ದೆ. ಅದು ಅಳೆಯುವುದು ಗಾಳಿಯ ತಂಪನ್ನು, ಬಿಯರಿನದನ್ನಲ್ಲ. ಮುಚ್ಚಳ ತೆಗೆದಾಗಲೆಲ್ಲ ಗಾಳಿ ಬಿಸಿಯಾಗಿ ಕಂಪ್ರೆಸರ್ ಓಡುತ್ತಿತ್ತು. ಸೆನ್ಸರನ್ನು ಫರ್ಮೆಂಟರಿನ ಮೈಗೆ, ಬಿಯರ್ ಮಟ್ಟಕ್ಕಿಂತ ಕೆಳಗೆ ಟೇಪ್ ಹಾಕಿ ಅಂಟಿಸಿ, ಮೇಲೊಂದು ದಪ್ಪ ಸ್ಪಂಜು ಮುಚ್ಚಿ. ಮಾಮೂಲಿ 5% ಬಿಯರ್ ಸೊನ್ನೆಗಿಂತ ಎರಡು ಮೂರು ಡಿಗ್ರಿ ಕೆಳಗಿಳಿದರೆ ಹೆಪ್ಪುಗಟ್ಟಲು ಶುರುವಾಗುತ್ತದೆ, ಹಾಗಾಗಿ ಕಂಟ್ರೋಲರನ್ನು ಒಂದು ಡಿಗ್ರಿಗಿಂತ ಕೆಳಗೆ ಇಡಬೇಡಿ.

ಗುಳ್ಳೆ ನಂಬಿ ಮೋಸಹೋದದ್ದೂ ಉಂಟು. ರಟ್ಟಿನ ವಾಸನೆಯ ಹಿಂದೆ ಬೆಣ್ಣೆ ವಾಸನೆಯೂ ಇತ್ತು. ಡಯಾಸಿಟೈಲ್ ಅನ್ನುವ ರಾಸಾಯನಿಕ ಅದು. ಬೆಚ್ಚಗೆ ಇನ್ನೆರಡು ಮೂರು ದಿನ ಬಿಟ್ಟಿದ್ದರೆ ಯೀಸ್ಟೇ ಅದನ್ನು ತಿಂದು ಮುಗಿಸುತ್ತಿತ್ತು. ನಾನು ಚಳಿಗೆ ಹಾಕಿ ಮಲಗಿಸಿಬಿಟ್ಟೆ. ದಾವಣಗೆರೆಯ ಗೆಳೆಯ ಬಿಡುತ್ತಾನಾ? "ಏನೋ ಇದು, ಬೆಣ್ಣೆ ದೋಸೆ ಬಿಯರಾ?" ಅಂದ. ಗುಳ್ಳೆ ನೋಡುವುದಲ್ಲ, ಬಿಯರಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಎರಡು ಮೂರು ದಿನ ಬಿಟ್ಟು ನೋಡಿದರೂ ಅದೇ ಅಂಕಿ ತೋರಿಸಬೇಕು. ಆಮೇಲೂ ಸ್ವಲ್ಪ ಬಿಯರನ್ನು ಮುಚ್ಚಿದ ಬಾಟಲಿಯಲ್ಲಿ ಹಾಕಿ ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ಇಟ್ಟು, ಆರಿಸಿ ಮೂಸಿ ನೋಡಿ. ಬೆಣ್ಣೆ ಬಂದರೆ ಫ್ರೀಜರ್ ಕಡೆ ಹೋಗಲೇಬೇಡಿ.

ಮುಂದಿನ ಸಲಕ್ಕೆ ಒಂದು ಹಳೇ ಫಾಯಿಲ್ ಬಲೂನ್ ಎತ್ತಿಟ್ಟಿದ್ದೇನೆ. ಹುದುಗು ಬರುವಾಗಲೇ ಅದಕ್ಕೆ ಕಾರ್ಬನ್ ಡೈಆಕ್ಸೈಡ್ ತುಂಬಿಸಿಕೊಂಡರೆ, ತಣ್ಣಗಾಗುವಾಗ ಫರ್ಮೆಂಟರ್ ಅದನ್ನೇ ವಾಪಸ್ ಎಳೆದುಕೊಳ್ಳುತ್ತದೆ. ಕೆಗ್ (ಒತ್ತಡ ತಡೆಯುವ ಲೋಹದ ಪೀಪಾಯಿ) ಇದ್ದವರು ಬಿಯರನ್ನು ಅದಕ್ಕೆ ಇಳಿಸಿಕೊಂಡು, ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿನಿಂದ ಸ್ವಲ್ಪ ಗ್ಯಾಸ್ ಕೊಟ್ಟು ತಣ್ಣಗೆ ಮಾಡಬಹುದು. ಗಾಜಿನ ಕಾರ್ಬಾಯ್ (ಫರ್ಮೆಂಟರಾಗಿ ಬಳಸುವ ದೊಡ್ಡ ಬಾಟಲಿ) ಇರುವವರು ಮಾತ್ರ ಅದಕ್ಕೆ ಗ್ಯಾಸ್ ಒತ್ತಡ ಕೊಡುವ ಯೋಚನೆಯನ್ನೇ ಮಾಡಬೇಡಿ. ಅದು ಒಡೆದರೆ ಹೋಗುವುದು ಬಿಯರ್ ಒಂದೇ ಅಲ್ಲ.