ಸಾಕೆಯಾದ ನೀರನ್ನು ಹುಡುಕಿಕೊಂಡು: ಗಿಫು ಪ್ರಾಂತ್ಯದ ಯೋರೋ ಜಲಪಾತ

ಜೋಗವನ್ನು ಮಳೆಗಾಲದಲ್ಲಿ ನೋಡಿದ ಕಣ್ಣಿಗೆ 32 ಮೀಟರ್ ಎತ್ತರದ, ಸುಮಾರು 4 ಮೀಟರ್ ಅಗಲದ ಜಲಪಾತ ಮೊದಲ ನೋಟಕ್ಕೆ ಸಣ್ಣದಾಗಿಯೇ ಕಾಣುತ್ತದೆ. ಜಪಾನಿನ ಗಿಫು ಪ್ರಾಂತ್ಯದ ಯೋರೋ ಜಲಪಾತ ಆ ದೇಶದ ನೂರು ಶ್ರೇಷ್ಠ ಜಲಪಾತಗಳ ಪಟ್ಟಿಯಲ್ಲಿದೆ ಎಂಬುದನ್ನು ಓದಿ, ಭೋರ್ಗರೆತವನ್ನು ನಿರೀಕ್ಷಿಸಿ ಹೋದವರು ನಿರಾಶರಾಗಬಹುದು. ನವೆಂಬರ್ ಕೊನೆಯಲ್ಲಿ, ಮೇಪಲ್ ಎಲೆಗಳು ಕೆಂಪಾಗಿದ್ದಾಗ ಅಲ್ಲಿ ಒಂದು ದಿನ ಕಳೆದು ಬಂದ ನಾನು ಹೇಳುವುದಿಷ್ಟು: ಕಥೆಯನ್ನು ತಿಳಿದುಕೊಂಡು ಹೋದರೆ ಈ ಸ್ಥಳ ಸೊಗಸು, ತಿಳಿಯದೆ ಹೋದರೆ ಅದೊಂದು ಅಚ್ಚುಕಟ್ಟಾದ ಉದ್ಯಾನ ಮಾತ್ರ.

ನಗೋಯಾದಿಂದ ಜೆಆರ್ (ಜಪಾನ್ ರೈಲ್ವೇಸ್) ರೈಲಿನಲ್ಲಿ ಓಗಾಕಿಗೆ ಹೋಗಿ, ಅಲ್ಲಿ ಯೋರೋ ರೈಲ್ವೆಯ ಪುಟ್ಟ ಗಾಡಿಗೆ ಬದಲಾಯಿಸಿಕೊಳ್ಳಬೇಕು. ಯೋರೋ ನಿಲ್ದಾಣದಲ್ಲಿ ಇಳಿದೊಡನೆ ತಲೆಯ ಮೇಲೆ ಸಾಲುಸಾಲಾಗಿ ತೂಗುವ ಸೋರೆಬುರುಡೆಗಳು ಕಾಣುತ್ತವೆ. ಅವು ಬರಿಯ ಅಲಂಕಾರವಲ್ಲ, ಈ ಊರಿನ ದಂತಕಥೆಯೇ ಒಂದು ಸೋರೆಬುರುಡೆಯ ಸುತ್ತ ಹೆಣೆದದ್ದು.

ಸೌದೆ ಕಡಿದು ಮಾರಿ ಬದುಕುವ ಬಡವನೊಬ್ಬ ಮುದಿ ತಂದೆಯನ್ನು ಸಾಕುತ್ತಿದ್ದನಂತೆ. ತಂದೆಗೆ ಸಾಕೆಯ, ಅಂದರೆ ಅಕ್ಕಿಯಿಂದ ಮಾಡುವ ಜಪಾನೀ ಮದ್ಯದ, ಮೇಲೆ ಆಸೆ. ಮಗನ ದುಡಿಮೆಯಲ್ಲಿ ಅಕ್ಕಿಗೇ ಹಣ ಸಾಲದು. ಹೀಗಿರುವಾಗ ಒಂದು ದಿನ ಅವನು ಕಾಡಿನಲ್ಲಿ ಪಾಚಿಗಟ್ಟಿದ ಬಂಡೆಯ ಮೇಲೆ ಜಾರಿಬಿದ್ದು, ಏಳುವ ಹೊತ್ತಿಗೆ ಎಲ್ಲಿಂದಲೋ ಸಾಕೆಯ ವಾಸನೆ ಬಂತು. ಕಲ್ಲುಗಳ ನಡುವೆ ಹರಿಯುತ್ತಿದ್ದ ನೀರನ್ನು ನೆಕ್ಕಿ ನೋಡಿದರೆ ಅದು ನೀರಲ್ಲ, ಸಾಕೆ! ಸೊಂಟದಲ್ಲಿದ್ದ ಸೋರೆಬುರುಡೆಯಲ್ಲಿ ತುಂಬಿಕೊಂಡು ಹೋಗಿ ತಂದೆಗೆ ಕುಡಿಸಿದನು, ಮುದುಕ ಚೇತರಿಸಿಕೊಂಡನು, ಸುದ್ದಿ ಅರಮನೆಯವರೆಗೂ ಹೋಯಿತು. ತಂದೆಗೆ ಹೆಂಡ ಕುಡಿಸಿದ ಮಗನನ್ನು ಪಿತೃಭಕ್ತಿಯ ಮಾದರಿಯೆಂದು ಮೆಚ್ಚಿ, ಕಡೆಗೆ ಮಿನೋ ಪ್ರಾಂತ್ಯದ (ಇಂದಿನ ಗಿಫುವಿನ ದಕ್ಷಿಣ ಭಾಗದ ಹಳೆಯ ಹೆಸರು) ಅಧಿಕಾರಿಯನ್ನಾಗಿಯೇ ಮಾಡುವ ಈ ಕಥೆಯ ಧಾರಾಳತನ ನನಗೆ ಬಹಳ ಹಿಡಿಸಿತು.

ಇತಿಹಾಸದ ದಾಖಲೆ ಮಾತ್ರ ಬೇರೆಯದನ್ನು ಹೇಳುತ್ತದೆ. ಸಾಮ್ರಾಜ್ಞಿ ಗೆನ್‌ಶೋ 717ರಲ್ಲಿ ನಾರಾದ ರಾಜಧಾನಿಯಿಂದ ಈ ಕಡೆಗೆ ಬಂದು ಇಲ್ಲಿನ ಚಿಲುಮೆಯ ನೀರಿನಲ್ಲಿ ಕೈ ಮುಖ ತೊಳೆದಳು, ಚರ್ಮ ನುಣುಪಾಯಿತು, ನೋವಿದ್ದ ಜಾಗ ವಾಸಿಯಾಯಿತು ಎಂದು ‘ಶೋಕು ನಿಹೊಂಗಿ’ ಎಂಬ ಅಧಿಕೃತ ವೃತ್ತಾಂತ ಬರೆದಿಟ್ಟಿದೆ. ನರೆಗೂದಲು ಕಪ್ಪಾದದ್ದು, ಕುರುಡರಿಗೆ ಕಣ್ಣು ಬಂದದ್ದು ಮುಂತಾದವನ್ನು ಆಕೆ ತಾನು ಕೇಳಿದ ಮಾತೆಂದು ಪ್ರತ್ಯೇಕವಾಗಿ ಹೇಳುತ್ತಾಳೆ. ಈ ಎಚ್ಚರ ಮೆಚ್ಚತಕ್ಕದ್ದು. (ಆಗ ಆಕೆಗಿನ್ನೂ ನಲವತ್ತು ತುಂಬಿರಲಿಲ್ಲವಾದ್ದರಿಂದ ನರೆಯ ಚಿಂತೆ ಅಷ್ಟಾಗಿ ಇದ್ದಿರಲಾರದು.) ಅದೇ ವರ್ಷ ಶಕೆಯ ಹೆಸರನ್ನೇ ‘ಯೋರೋ’, ಅಂದರೆ ವೃದ್ಧರ ಪೋಷಣೆ, ಎಂದು ಬದಲಾಯಿಸಿ, ಎಂಬತ್ತು ದಾಟಿದ ಮುದುಕರಿಗೆ ಒಂದು ಮೆಟ್ಟಿಲು ಮೇಲಿನ ಪದವಿಯನ್ನು ಕೊಡಿಸಿದಳು. ಸೌದೆಯವನೂ ಅವನ ಸಾಕೆಯೂ ಬಂದು ಸೇರಿದ್ದು ಹದಿಮೂರನೆಯ ಶತಮಾನದ ಕಥಾಸಂಗ್ರಹಗಳಲ್ಲಿ.

ಸಾಮ್ರಾಜ್ಞಿ ಮುಟ್ಟಿದ ನೀರು ಜಲಪಾತದ್ದೋ, ಕೆಳಗಿನ ಯೋರೋ ಶಿಂತೋ ದೇಗುಲದ ಆವರಣದಲ್ಲಿರುವ ಕಿಕುಸುಯಿ ಚಿಲುಮೆಯದ್ದೋ ಎಂಬ ಚರ್ಚೆ ಹಳೆಯದು. ನನ್ನ ಮತ ಚಿಲುಮೆಯ ಕಡೆಗೆ. ಬಹುತೇಕ ಪ್ರವಾಸಿಗರು ಮುಖ್ಯ ದಾರಿಯಿಂದ ಕವಲೊಡೆಯುವ ಮೆಟ್ಟಿಲುಗಳನ್ನು ಗಮನಿಸದೆ ನೇರವಾಗಿ ಮೇಲಕ್ಕೆ ನಡೆದುಬಿಡುತ್ತಾರೆ, ಹಾಗೆ ಮಾಡಬೇಡಿ. ಮರಗಳ ನೆರಳಿನಲ್ಲಿ, ತಳದ ಕಲ್ಲುಗಳೆಲ್ಲ ಎಣಿಸುವಷ್ಟು ತಿಳಿಯಾದ ನೀರು ಅಲ್ಲಿ ಸದ್ದಿಲ್ಲದೆ ಉಕ್ಕುತ್ತದೆ. ಒಂದು ಬೊಗಸೆ ಕುಡಿದೆ. ತಣ್ಣಗಿತ್ತು, ಚೊಕ್ಕವಾಗಿತ್ತು, ಸಾಕೆಯಾಗಿರಲಿಲ್ಲ.

ನಿಲ್ದಾಣದಿಂದ ಜಲಪಾತದವರೆಗಿನ ದಾರಿ ಉದ್ದಕ್ಕೂ ಏರು. ತೊರೆಯ ಪಕ್ಕದಲ್ಲೇ ಸಾಗುವುದರಿಂದ ನಡೆಯಲು ಹಿತವಾಗಿದ್ದರೂ ಕೊನೆಯ ಭಾಗ ಮಂಡಿಗಳನ್ನು ಪರೀಕ್ಷಿಸುತ್ತದೆ. ವೃದ್ಧರ ಪೋಷಣೆಯ ಹೆಸರು ಹೊತ್ತ ಜಾಗದಲ್ಲಿ ಅಲ್ಲಲ್ಲಿ ಇನ್ನೂ ಕೆಲವು ಬೆಂಚುಗಳಿದ್ದರೆ ಚೆನ್ನಾಗಿತ್ತು. ಅಪ್ಪ ಅಮ್ಮನನ್ನು ಕರೆದೊಯ್ಯುವವರು ಕಾರು ಗೊತ್ತುಮಾಡಿಕೊಂಡು ಜಲಪಾತಕ್ಕಿಂತ ಮೇಲಿರುವ ನಿಲುಗಡೆಗೆ ಹೋಗಿ, ಅಲ್ಲಿಂದ ಸ್ವಲ್ಪ ದೂರ ಇಳಿದು ಬರುವುದು ಮೇಲು. ಜಲಪಾತ ನೋಡಲು ಶುಲ್ಕವಿಲ್ಲ. ಬುಡದವರೆಗೂ ಹತ್ತಿರ ಹೋಗಬಹುದಾದ್ದರಿಂದ ತುಂತುರು ಮುಖಕ್ಕೆ ತಾಗುತ್ತದೆ, ಮತ್ತು ಅಷ್ಟು ಸಮೀಪದಿಂದ 32 ಮೀಟರ್ ಎತ್ತರವೂ ಸಣ್ಣದೆನಿಸುವುದಿಲ್ಲ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಬುತ್ತಿ ಕಟ್ಟಿಕೊಂಡೇ ಹೋಗಬೇಕು. ಯೋರೋ ಊರು ಸುಟ್ಟ ಮಾಂಸದ ಹೋಟೆಲುಗಳಿಗೆ ಹೆಸರಾದದ್ದು, ಸಾದಾ ಊಡೊನ್ ಶ್ಯಾವಿಗೆಯ ಸಾರೂ ಸಾಮಾನ್ಯವಾಗಿ ಮೀನಿನದೇ. ನಾನು ಹೊಕ್ಕ ಅಂಗಡಿಯೊಂದರಲ್ಲಿ ಮೀನಿಲ್ಲದ್ದು ಏನಿದೆಯೆಂದು ಮೊಬೈಲಿನ ಅನುವಾದ ತೋರಿಸಿ ಕೇಳಿದಾಗ, ಆ ಅಜ್ಜಿ ಬಹಳ ಹೊತ್ತು ಯೋಚಿಸಿ ಒಂದು ಬಾಟಲಿ ಯೋರೋ ಸೈಡರ್ ತಂದಿಟ್ಟರು. ಇದು ಮದ್ಯವಲ್ಲ, ನಮ್ಮ ಗೋಲಿಸೋಡಾದ ಬಳಗಕ್ಕೆ ಸೇರಿದ ಸಿಹಿ ಪಾನೀಯ. 2000ರಲ್ಲಿ ನಿಂತುಹೋಗಿದ್ದದ್ದು 2017ರಲ್ಲಿ ಮತ್ತೆ ಮಾರುಕಟ್ಟೆಗೆ ಬಂದಿದೆ.

ಇಳಿಯುವ ದಾರಿಯಲ್ಲಿ, ಅದೇ ಉದ್ಯಾನದೊಳಗೆ, ಕಲಾವಿದ ಅರಕಾವಾ ಮತ್ತು ಮ್ಯಾಡಲಿನ್ ಗಿನ್ಸ್ ದಂಪತಿ ರೂಪಿಸಿ 1995ರಲ್ಲಿ ತೆರೆದ ವಿಚಿತ್ರ ತಾಣವೊಂದಿದೆ. ಅದಕ್ಕೆ ಪ್ರತ್ಯೇಕ ಟಿಕೆಟ್ಟು, ವಾರದ ರಜೆಯ ದಿನವನ್ನು ಮೊದಲೇ ವಿಚಾರಿಸಿಕೊಳ್ಳಿ. ಸಾವನ್ನೇ ಒಪ್ಪಬಾರದೆಂದು ಹಟ ಹಿಡಿದಿದ್ದ ಈ ಇಬ್ಬರು ಅಲ್ಲಿ ಸಮತಟ್ಟಾದ ನೆಲವನ್ನೇ ಬಿಟ್ಟಿಲ್ಲ: ಎಲ್ಲವೂ ಇಳಿಜಾರು, ತಗ್ಗು, ದಿಬ್ಬ, ಓರೆ ಗೋಡೆ. ಹೆಲ್ಮೆಟ್ಟನ್ನೂ ಕ್ಯಾನ್ವಾಸ್ ಬೂಟನ್ನೂ ಅವರೇ ಎರವಲು ಕೊಡುತ್ತಾರೆ. ಬೂಟು ಪಡೆದುಕೊಂಡು ಹೆಲ್ಮೆಟ್ಟು ಬೇಡವೆಂದ ನಾನು, ಒಳಹೊಕ್ಕ ಹತ್ತು ನಿಮಿಷಕ್ಕೆ, ಸೌದೆಯವನಂತೆಯೇ ಜಾರಿಬಿದ್ದೆ.