ತೂಕದ ಮಷಿನ್ ಜೊತೆ ಬಿಪಿ ಮಷಿನ್ ಕೂಡ ತೆಗೆದುಕೊಳ್ಳಿ: ಆರು ತಿಂಗಳು ಬಳಸಿದ ಮೇಲೆ

ಕಳೆದ ದೀಪಾವಳಿ ಆದ ಮಾರನೇ ವಾರ ನಮ್ಮ ಅಣ್ಣನಿಗೆ ಸ್ಟೆಂಟ್ ಹಾಕಿದರು. ಅವನ ಜೊತೆ ಓಡಾಡುವಾಗ ನಾನೂ ಚೆಕಪ್ ಮಾಡಿಸಿದೆ. ನನಗೆ 52 ವರ್ಷ, ತೂಕ 74 ಕೆಜಿ, ಮೂರು ವರ್ಷದಿಂದ ಮಾತ್ರೆ ನುಂಗುತ್ತಿದ್ದರೂ ಬಿಪಿ ಇಳಿದಿರಲಿಲ್ಲ. ಡಾಕ್ಟರ್ ಮಾತ್ರೆ ಜಾಸ್ತಿ ಮಾಡುವ ಮೊದಲು, 'ನಾಲ್ಕು ಕೆಜಿ ಇಳಿಸಿ ಬನ್ನಿ ಅಮ್ಮ, ಆಮೇಲೆ ನೋಡೋಣ' ಅಂದರು. ನಾಲ್ಕೇ ಕೆಜಿ! ಇಪ್ಪತ್ತು ಅನ್ನುತ್ತಾರೆ ಅಂದುಕೊಂಡು ಹೆದರಿ ಕೂತಿದ್ದೆ.

ಅವತ್ತೇ ಎರಡು ಮಷಿನ್ ತಂದೆವು. ತೂಕದ್ದು 900 ರೂಪಾಯಿ, ಬಿಪಿಯದು 1,850.

ಮೊದಲು ತೂಕದ ಮಷಿನ್. ತೂಕ ಸರಿಯಾಗಿ ತೋರಿಸುತ್ತದೆ, ಆದರೆ ಗಟ್ಟಿ ಸಮನೆಲದ ಮೇಲೆ ಇಡಬೇಕು, ಚಾಪೆ ಮೇಲೆ ಇಟ್ಟರೆ ಲೆಕ್ಕ ತಪ್ಪುತ್ತದೆ. ಮೈಯಲ್ಲಿ ಕೊಬ್ಬು ಎಷ್ಟಿದೆ ಅಂತಲೂ ಹೇಳುತ್ತದೆ, ಅದನ್ನು ಮಾತ್ರ ನಂಬಬೇಡಿ. ಅಂಗಾಲಿನಿಂದ ಸಣ್ಣ ಕರೆಂಟ್ ಹಾಯಿಸಿ ಅಂದಾಜು ಮಾಡುವುದು ಅದು, ನೀರು ಕುಡಿದರೆ ಒಂದು, ಬೆವರಿ ಬಂದರೆ ಇನ್ನೊಂದು. ಮೊದಲ ತಿಂಗಳು ದಿನಾ ಹತ್ತಿ ಇಳಿದು ನನಗೆ ಬೇಜಾರೇ ಆಯಿತು. ಹಿಂದಿನ ದಿನ ಉಪ್ಪಿನಕಾಯಿ ಜಾಸ್ತಿ ತಿಂದಿದ್ದರೆ ನೀರು ತುಂಬಿಕೊಂಡು ಮುಕ್ಕಾಲು ಕೆಜಿ ಏರಿರುತ್ತಿತ್ತು. ಈಗ ಭಾನುವಾರ ಬೆಳಿಗ್ಗೆ, ತಿಂಡಿಗೆ ಮುಂಚೆ, ವಾರಕ್ಕೊಂದೇ ಸಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬಿಪಿ ಮಷಿನ್. ಇದರಲ್ಲಿ ಒಂದು ದೊಡ್ಡ ಕೊರತೆ ಇದೆ, ಡಬ್ಬದ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಅಂಗಡಿಯವರು ಹೇಳುವುದಿಲ್ಲ. ಜೊತೆಗೆ ಬರುವ ತೋಳಿನ ಪಟ್ಟಿ 22ರಿಂದ 32 ಸೆಂಟಿಮೀಟರ್ ತೋಳಿಗೆ ಮಾತ್ರ. ನನ್ನ ತೋಳು 34. ಪಟ್ಟಿ ಬಿಗಿಯಾದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ, ಮೊದಲ ವಾರ 156 ನೋಡಿ ನಾನು ರಾತ್ರಿ ನಿದ್ದೆ ಮಾಡಲಿಲ್ಲ. 600 ರೂಪಾಯಿ ಕೊಟ್ಟು ದೊಡ್ಡ ಪಟ್ಟಿ ತರಿಸಿದ ಮೇಲೆ 146/90 ಬಂತು. ದಯವಿಟ್ಟು ಟೇಪ್ ಹಿಡಿದು ತೋಳು ಅಳೆದುಕೊಂಡೇ ಅಂಗಡಿಗೆ ಹೋಗಿ. ಐದು ನಿಮಿಷ ಸುಮ್ನೆ ಒರಗಿ ಕೂತು, ಪಾದ ನೆಲಕ್ಕೆ ಊರಿ, ತೋಳನ್ನು ಎದೆಯ ಮಟ್ಟಕ್ಕೆ ಟೇಬಲ್ ಮೇಲಿಟ್ಟು ನೋಡಬೇಕು. ಕಾಫಿ ಕುಡಿದ ಅರ್ಧ ಗಂಟೆ ಒಳಗೆ ಬೇಡ. ಮನೆಯಲ್ಲಿ ನೋಡುವಾಗ 135/85ರ ಕೆಳಗಿರಬೇಕು.

ನಾನು ಮಾಡಿದ್ದು ಇಷ್ಟೇ. ಬೆಳಿಗ್ಗೆ ಕುಂದವಾಡ ಕೆರೆ ಏರಿ ಮೇಲೆ 40 ನಿಮಿಷ ಬಿರುಸು ನಡಿಗೆ. ದಿನಾ ಸಂಜೆಯ ಮಂಡಕ್ಕಿ ಮಿರ್ಚಿ ವಾರಕ್ಕೊಂದು ಸಲಕ್ಕೆ ಬಂತು, ಹಪ್ಪಳ ಉಪ್ಪಿನಕಾಯಿ ಬಿಟ್ಟೆ, ರಾತ್ರಿ ಅನ್ನ ಅರ್ಧ ಮಾಡಿ ಪಲ್ಯ ಜಾಸ್ತಿ ಹಾಕಿಕೊಂಡೆ. ಬೆಣ್ಣೆದೋಸೆ ಬಿಡಲಿಲ್ಲ, ದಾವಣಗೆರೆಯಲ್ಲಿ ಇದ್ದುಕೊಂಡು ಅದು ಆಗುವುದೂ ಇಲ್ಲ, ತಿಂಗಳಿಗೆ ಒಂದು.

ಆರು ತಿಂಗಳಿಗೆ 69.5 ಕೆಜಿ. ಮದುವೆ ಮನೆಯಲ್ಲಿ ನನ್ನ ತೂಕ ಇಳಿದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಆದರೆ ಬಿಪಿ ವಾರದ ಸರಾಸರಿ 134/83. ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು, 212 ಇದ್ದದ್ದು 158, ಸೊಂಟ 5 ಸೆಂಟಿಮೀಟರ್ ಕಡಿಮೆ. ಮಾತ್ರೆ ಡೋಸ್ ಏರಿಸಲಿಲ್ಲ. ಒಂದು ಕೆಜಿ ಇಳಿದರೆ ಬಿಪಿಯ ಮೇಲಿನ ಅಂಕಿ ಸರಾಸರಿ ಒಂದು ಪಾಯಿಂಟ್ ಇಳಿಯುತ್ತದಂತೆ, ನನಗೆ ಅದಕ್ಕಿಂತ ಜಾಸ್ತಿ ಇಳಿದಿದೆ, ಉಪ್ಪು ಕಡಿಮೆಯಾದದ್ದೂ ನಡಿಗೆಯೂ ಸೇರಿ ಆಗಿರಬೇಕು ಅಂದರು ಡಾಕ್ಟರ್. ಇದ್ದ ತೂಕದಲ್ಲಿ ನೂರಕ್ಕೆ ಐದು ಪಾಲು ಇಳಿದರೂ ಬಿಪಿ, ಸಕ್ಕರೆ, ರಕ್ತದ ಕೊಬ್ಬು ಎಲ್ಲ ಸುಧಾರಿಸುತ್ತವೆ, ಯಾಕಂದರೆ ಹೊಟ್ಟೆಯ ಒಳಗೆ, ಲಿವರ್ ಸುತ್ತ ಕೂತ ಕೊಬ್ಬು ಬೇಗ ಕರಗುತ್ತದೆ.

ಹಾಗಂತ ಇನ್ನು ಹಾರ್ಟ್ ಅಟ್ಯಾಕ್ ಬರುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಅಮೆರಿಕದಲ್ಲಿ ಐದು ಸಾವಿರಕ್ಕೂ ಜಾಸ್ತಿ ಸಕ್ಕರೆ ಕಾಯಿಲೆಯವರನ್ನು ಸುಮಾರು ಹತ್ತು ವರ್ಷ ನೋಡಿದ 'ಲುಕ್ ಅಹೆಡ್' ಅನ್ನೋ ಅಧ್ಯಯನದಲ್ಲಿ, ತೂಕ ಇಳಿಸಿದವರ ಬಿಪಿ, ಸಕ್ಕರೆ ಸುಧಾರಿಸಿದರೂ ಹಾರ್ಟ್ ಅಟ್ಯಾಕ್ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಅದಕ್ಕೇ ಮಷಿನ್‌ನಲ್ಲಿ ಒಳ್ಳೆ ಅಂಕಿ ಬಂತು ಅಂತ ಮಾತ್ರೆ ನೀವಾಗೇ ನಿಲ್ಲಿಸಬೇಡಿ. ನಮ್ಮ ಹೆಂಗಸರು ಇದೆಲ್ಲ ಗಂಡಸರ ಕಾಯಿಲೆ ಅಂತ ಸುಮ್ಮನಿರುತ್ತಾರೆ ನೋಡಿ, ಅದಂತೂ ಖಂಡಿತ ಬೇಡ.

ತೂಕದ ಮಷಿನ್‌ಗೆ ಐದಕ್ಕೆ ಮೂರು, ಬಿಪಿ ಮಷಿನ್‌ಗೆ ದೊಡ್ಡ ಪಟ್ಟಿಯ ಖರ್ಚು ಸೇರಿಸಿಯೂ ನಾಲ್ಕೂವರೆ. ಅಣ್ಣನಿಗೂ ಅದೇ ತರಿಸಿಕೊಟ್ಟೆ. ಅವನ ತೋಳು 29, ಜೊತೆಗೆ ಬಂದ ಪಟ್ಟಿಯೇ ಸಾಕಾಯಿತು.