ಬಿಟ್‌ಫೋಕಸ್ ಕಂಪ್ಯಾನಿಯನ್: ಒಂದು ಶ್ರಾವಣ ಪೂರ್ತಿ ಬಳಸಿದ ಮೇಲೆ

ಕಂಪ್ಯಾನಿಯನ್ ಅಂದರೆ ಕ್ಯಾಮರಾ, ವಿಡಿಯೋ ತಂತ್ರಾಂಶ ಎಲ್ಲವನ್ನೂ ಒಂದೇ ಕಡೆಯಿಂದ ಬಟನ್ ಒತ್ತಿ ನಡೆಸುವ ತಂತ್ರಾಂಶ. ವಿಜಯಪುರದಲ್ಲಿ ನಮ್ಮದು ನಾಲ್ಕು ಜನರ ಲೈವ್ ವಿಡಿಯೋ ತಂಡ. ಮದುವೆ, ಜಾತ್ರೆ, ಪ್ರವಚನ, ಚುನಾವಣೆ ಬಂದರೆ ಸಭೆ. ಕರೆದಲ್ಲಿಗೆ ಹೋಗುತ್ತೇವೆ. ಹಳೇ ಎಸ್‌ಡಿಐ ವಿಡಿಯೋ ಕೇಬಲ್ಲನ್ನೆಲ್ಲ ಸುತ್ತಿ ಮೂಲೆಗಿಟ್ಟು ಈಗ ಎಲ್ಲವನ್ನೂ ನೆಟ್‌ವರ್ಕ್ ಮೇಲೆ ತಂದಿದ್ದೇವೆ: ದೂರದಿಂದಲೇ ತಿರುಗಿಸಬಹುದಾದ ನಾಲ್ಕು ಪಿಟಿಝಡ್ ಕ್ಯಾಮರಾ, ನೆಟ್‌ವರ್ಕ್ ಮೇಲೆ ಚಿತ್ರ ಕಳಿಸುವ ಎನ್‌ಡಿಐ ಪದ್ಧತಿ, ವೈರುಗಳೆಲ್ಲ ಬಂದು ಸೇರುವ, ಅದೇ ವೈರಿನಲ್ಲಿ ಕರೆಂಟೂ ಕೊಡುವ ಒಂದು ಪಿಓಇ ಸ್ವಿಚ್, ಯಾವ ಕ್ಯಾಮರಾದ ಚಿತ್ರ ಲೈವ್‌ಗೆ ಹೋಗಬೇಕು ಅಂತ ಆರಿಸುವ ವಿಮಿಕ್ಸ್ ತಂತ್ರಾಂಶ ಓಡುವ ಕಂಪ್ಯೂಟರ್. ಕ್ಯಾಮರಾಕ್ಕೆ ಒಂದೇ ವೈರು. ಕರೆಂಟು, ಚಿತ್ರ, ಧ್ವನಿ, ತಿರುಗಿಸುವ ಕಮಾಂಡ್ ಎಲ್ಲ ಅದರಲ್ಲೇ. ಕೇಬಲ್ ಎಳೆಯುವ ಹುಡುಗರು ಮೊದಲ ದಿನ ಕುಣಿದಾಡಿದರು.

ಖುಷಿ ಬಹಳ ದಿನ ಉಳಿಯಲಿಲ್ಲ ಬಿಡಿ. ಹಳೇ ಪದ್ಧತಿಯಲ್ಲಿ ಚಿತ್ರ ಹೋದರೆ ಕೇಬಲ್ ಹಿಡಿದುಕೊಂಡು ಹೋಗುತ್ತಿದ್ದೆವು, ಎಲ್ಲೋ ಒಂದು ಕಡೆ ಯಾರೋ ಕುರ್ಚಿ ಕಾಲು ಇಟ್ಟಿರುತ್ತಿದ್ದರು, ಇಲ್ಲ ಕೇಬಲ್ ತುದಿಯ ಬಿಎನ್‌ಸಿ ಕನೆಕ್ಟರ್ ಸಡಿಲ ಆಗಿರುತ್ತಿತ್ತು, ಮುಗೀತು. ಈಗ ವೈರು ಸರಿಯಾಗೇ ಇರುತ್ತದೆ, ಸ್ವಿಚ್ಚಿನ ಹಸಿರು ಲೈಟು ಮಿಣುಕುತ್ತಲೇ ಇರುತ್ತದೆ, ಚಿತ್ರ ಮಾತ್ರ ಇರುವುದಿಲ್ಲ. ಎಲ್ಲಿ ಅಂತ ಹುಡುಕೋದು?

ಡೀಲರ್ ಒಬ್ಬರು ಈ ಕ್ಯಾಮರಾಗಳಿಗೆ ಅಂತಲೇ ಒಂದು ಕಂಟ್ರೋಲರ್ ಡಬ್ಬಿ ಮಾರಿದ್ದರು. ಜಾಯ್‌ಸ್ಟಿಕ್ ಚೆನ್ನಾಗಿದೆ, ಕ್ಯಾಮರಾ ತಿರುಗುತ್ತದೆ. ಅಷ್ಟೇ. ವಿಮಿಕ್ಸ್ ಜೊತೆ ಮಾತಾಡಲ್ಲ, ಯಾವ ಕ್ಯಾಮರಾ ಲೈವ್‌ನಲ್ಲಿದೆ ಅಂತ ಅದಕ್ಕೆ ಗೊತ್ತೇ ಇಲ್ಲ. ಲೈವ್‌ನಲ್ಲಿದ್ದ ಕ್ಯಾಮರಾವನ್ನೇ ನಮ್ಮ ಹುಡುಗ ತಿರುಗಿಸಿಬಿಟ್ಟು ಸ್ವಾಮೀಜಿ ಬದಲು ಫ್ಯಾನ್ ತೋರಿಸಿದ್ದು ಎಷ್ಟು ಸಲ! ಆಮೇಲೆ ಸಿಕ್ಕಿದ್ದು ಕಂಪ್ಯಾನಿಯನ್.

ಇದು ಉಚಿತ, ಓಪನ್ ಸೋರ್ಸ್ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಯಾವುದರಲ್ಲೂ ಓಡುತ್ತದೆ, ನಾವು ರಾಸ್ಪ್‌ಬೆರಿ ಪೈ ಅನ್ನುವ ಅಂಗೈಯಗಲದ ಕಂಪ್ಯೂಟರ್ ಮೇಲೆ ಹಾಕಿದ್ದೇವೆ. ಕ್ಯಾಮರಾ, ವಿಮಿಕ್ಸ್, ಅದರಂಥದ್ದೇ ತಂತ್ರಾಂಶ ಓಬಿಎಸ್, ವಿಡಿಯೋ ಮಿಕ್ಸರ್ ಏಟಿಇಎಂ, ಹೀಗೆ ನೂರಾರು ಸಾಧನಗಳ ಭಾಷೆ ಅದಕ್ಕೆ ಬರುತ್ತದೆ. ನಾವು ಮಾಡಬೇಕಾದ್ದು ಒಂದೊಂದರ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಅದರ ಮನೆ ನಂಬರು) ಕೊಟ್ಟು, ಯಾವ ಬಟನ್ ಒತ್ತಿದರೆ ಏನಾಗಬೇಕು ಅಂತ ಹೇಳೋದು. ಬಟನ್‌ಗೆ ಸ್ಟ್ರೀಮ್ ಡೆಕ್ ಅನ್ನುವ ಬಟನ್ ಡಬ್ಬಿ ಇಟ್ಟುಕೊಂಡಿದ್ದೇವೆ. ಇಲ್ಲದಿದ್ದರೂ ನಡೆಯುತ್ತದೆ, ಹಳೇ ಟ್ಯಾಬ್ಲೆಟ್ಟಿನ ಬ್ರೌಸರ್‌ನಲ್ಲಿ ಅದೇ ಬಟನ್‌ಗಳು ಬರುತ್ತವೆ.

ನನಗೆ ಇಷ್ಟವಾಗಿದ್ದು ಬಟನ್ ಒತ್ತುವುದಕ್ಕಿಂತ ಬಟನ್ ನಮಗೆ ಹೇಳುವ ಸುದ್ದಿ. ಎರಡನೇ ಕ್ಯಾಮರಾ ಲೈವ್‌ಗೆ ಹೋದರೆ ಅದರ ಬಟನ್ ಕೆಂಪಾಗುತ್ತದೆ. ಕೆಂಪಿದ್ದಾಗ ಮುಟ್ಟಬೇಡ ಅಂತ ಹುಡುಗನಿಗೆ ಒಂದೇ ಸಲ ಹೇಳಿದೆ, ಫ್ಯಾನ್ ತೋರಿಸೋದು ನಿಂತಿತು.

ಅಸಲಿ ಪರೀಕ್ಷೆ ಆಗಿದ್ದು ಶ್ರಾವಣದ ಪ್ರವಚನದಲ್ಲಿ. ದಿನಾ ಸಂಜೆ ಒಂದು ಗಂಟೆ ಹೊತ್ತು. ಅಲ್ಲಿ ಮಂಟಪದ ಹೊರಗೂ ಪರದೆ ಹಾಕಿದ್ದರಿಂದ ಒಂದೇ ಚಿತ್ರ ಎರಡು ಮೂರು ಕಡೆ ಬೇಕಿತ್ತು. ಹೆಚ್ಚು ಒತ್ತದ ಪೂರ್ತಿ ಎನ್‌ಡಿಐ ಆದರೆ 1080ಪಿ60 (ಸೆಕೆಂಡಿಗೆ 60 ಫ್ರೇಮಿನ ಫುಲ್ ಎಚ್‌ಡಿ) ಚಿತ್ರಕ್ಕೆ ನೆಟ್‌ವರ್ಕ್‌ನಲ್ಲಿ ಸುಮಾರು 130 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಬೇಕು. ಕೇಳಿದವರಿಗೆಲ್ಲ ಕ್ಯಾಮರಾ ಬೇರೆ ಬೇರೆ ಕಾಪಿ ಕಳಿಸೋದು ಯಾಕೆ ಅಂತ ಒಂದೇ ಕಾಪಿ ಎಲ್ಲರಿಗೂ ತಲುಪಿಸುವ ಮಲ್ಟಿಕಾಸ್ಟ್ ಆನ್ ಮಾಡಿದೆವು. ನಮ್ಮ ಗೋಲಗುಮ್ಮಟದ ಪಿಸುಮಾತಿನ ಗ್ಯಾಲರಿ ನೋಡಿದವರಿಗೆ ಮಲ್ಟಿಕಾಸ್ಟ್ ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬ ಒಂದು ಸಲ ಹೇಳಿದರೆ ಸುತ್ತ ನಿಂತವರಿಗೆಲ್ಲ ಕೇಳುತ್ತದೆ, ಬೇಡದವರಿಗೂ. ಬೇಡದವರ ಕಡೆ ಹೋಗದಂತೆ ತಡೆಯುವುದು ಸ್ವಿಚ್ಚಿನ ಐಜಿಎಂಪಿ ಸ್ನೂಪಿಂಗ್. ಅದನ್ನೂ ಆನ್ ಮಾಡಿದೆವು. ಬಹಳ ಶಾಣ್ಯಾ ಆಗಿದ್ದೇವೆ ಅಂದುಕೊಂಡೆವು.

"ಅಣ್ಣಾ, ಎರಡನೇ ಕ್ಯಾಮರಾ ಹೋತ್ರಿ."

ವೈರು ಕಿತ್ತು ಮತ್ತೆ ಹಾಕಿದರೆ ಬಂತು. ನಾಲ್ಕು ನಿಮಿಷ ಆದ ಮೇಲೆ "ಅಣ್ಣಾ, ಮತ್ತ ಹೋತ್ರಿ." ಕ್ಯಾಮರಾ ಕೆಟ್ಟಿದೆ ಅಂತ ಬದಲಿಸಲು ಏಣಿ ಹತ್ತುವವನಿದ್ದೆ. ಸುಮ್ನೆ ಕಂಪ್ಯಾನಿಯನ್‌ನಲ್ಲಿ ಆ ಕ್ಯಾಮರಾದ ಪ್ರೀಸೆಟ್ (ಮೊದಲೇ ಹೊಂದಿಸಿಟ್ಟ ಕೋನ) ಬಟನ್ ಒತ್ತಿದೆ. ಕ್ಯಾಮರಾ ತಿರುಗಿತು! ಚಿತ್ರ ಇಲ್ಲ, ಆದರೆ ಹೇಳಿದ ಮಾತು ಕೇಳುತ್ತಿದೆ. ಅಂದರೆ ಕ್ಯಾಮರಾ ಬದುಕಿದೆ, ವೈರು ಸರಿ ಇದೆ, ಚಿತ್ರವನ್ನು ನಡುವೆ ಯಾರೋ ತಡೆಯುತ್ತಿದ್ದಾರೆ. ನಡುವೆ ಇರೋದು ಸ್ವಿಚ್ ಒಂದೇ.

ಕಾರಣ ರಾತ್ರಿ ಸಿಕ್ಕಿತು. ಸ್ನೂಪಿಂಗ್ ಇದ್ದರೆ ಸಾಲದು, "ಈ ಚಿತ್ರ ಇನ್ನೂ ಯಾರಿಗೆ ಬೇಕು?" ಅಂತ ಆಗಾಗ ಕೇಳುವ ಕ್ವೆರಿಯರ್ ಕೂಡ ನೆಟ್‌ವರ್ಕ್‌ನಲ್ಲಿ ಇರಬೇಕು. ಯಾರೂ ಕೇಳದಿದ್ದರೆ ಕಂಪ್ಯೂಟರ್ ಉತ್ತರ ಕೊಡಲ್ಲ, ಉತ್ತರ ಬರದಿದ್ದರೆ ಯಾರಿಗೂ ಬೇಡ ಅಂತ ಸ್ವಿಚ್ ಚಿತ್ರ ನಿಲ್ಲಿಸಿಬಿಡುತ್ತದೆ. ಇದಕ್ಕೆ ಸಾಮಾನ್ಯವಾಗಿ ಇಟ್ಟಿರುವ ಗಡುವು 260 ಸೆಕೆಂಡ್. ನಮ್ಮ ನಾಲ್ಕು ನಿಮಿಷದ ಲೆಕ್ಕ ಇದೇ! ವೈರು ಕಿತ್ತು ಮತ್ತೆ ಹಾಕಿದಾಗ ಕಂಪ್ಯೂಟರ್ ಹೊಸದಾಗಿ "ನನಗೆ ಬೇಕು" ಅಂತ ಹೇಳಿದ ಹಾಗೆ ಆಗುತ್ತಿತ್ತು, ಅದಕ್ಕೇ ಬರುತ್ತಿತ್ತು. ಸ್ವಿಚ್ ಸೆಟ್ಟಿಂಗ್‌ನಲ್ಲಿ ಕ್ವೆರಿಯರ್‌ಗೆ ಒಂದು ಟಿಕ್ ಹಾಕಿದೆ. ಮರುದಿನದಿಂದ ಒಂದು ಸಲವೂ ಹೋಗಲಿಲ್ಲ.

ಕಂಪ್ಯಾನಿಯನ್ ಈ ತೊಂದರೆ ಸರಿ ಮಾಡಲಿಲ್ಲ, ಅದು ಆ ಕೆಲಸದ್ದೂ ಅಲ್ಲ. ಸ್ವಿಚ್ಚಿನ ಒಳಗೆ ಏನಾಗುತ್ತಿದೆ, ಯಾವ ಪೋರ್ಟಿನಲ್ಲಿ ಎಷ್ಟು ಲೋಡ್ ಇದೆ ಅಂತ ತಿಳಿಯಲು ಸ್ವಿಚ್ಚಿನ ಪುಟವನ್ನೇ ತೆರೆಯಬೇಕು. ದೊಡ್ಡ ಚಾನೆಲ್‌ಗಳು ನೆಟ್‌ವರ್ಕ್ ಮೇಲೆ ಚಿತ್ರ ಸಾಗಿಸುವ ಎಸ್‌ಟಿ 2110 ಪದ್ಧತಿಯ ಲೋಕವೇ ಬೇರೆ. ಅಲ್ಲಿ ಒತ್ತಿ ಸಣ್ಣದು ಮಾಡದ ಒಂದು 1080ಪಿ60 ಚಿತ್ರಕ್ಕೇ ಸುಮಾರು 2.5 ಜಿಬಿಪಿಎಸ್ (2,500 ಎಂಬಿಪಿಎಸ್) ಬೇಕು, ಎಲ್ಲ ಸಾಧನಗಳ ಗಡಿಯಾರ ಹೊಂದಿಸಲು ಪಿಟಿಪಿ ಬೇಕು, ಸಾಧನ ಹುಡುಕಿ ಜೋಡಿಸಲು ಎನ್‌ಎಂಓಎಸ್ ಅಂತ ಬೇರೆ ವ್ಯವಸ್ಥೆ ಬೇಕು. ನಮ್ಮ ಗಿಗಾಬಿಟ್ (1 ಜಿಬಿಪಿಎಸ್) ಸ್ವಿಚ್ಚಿನಲ್ಲಿ ಅದರ ಒಂದು ಚಿತ್ರವೂ ಹಿಡಿಯಲ್ಲ. ನಮ್ಮಂಥವರಿಗೆ ಅದು ಬೇಕಾಗಿಯೂ ಇಲ್ಲ.

ಕಲಿಯಲು ಎಷ್ಟು ದಿನ ಬೇಕು ಅಂತ ಕೇಳುತ್ತಾರೆ. ಮೊದಲ ಬಟನ್‌ಗೆ ಹತ್ತು ನಿಮಿಷ ಸಾಕು. ಒಂದು ಬಟನ್ ಒತ್ತಿದರೆ ಕ್ಯಾಮರಾ ತಿರುಗಿ, ಎರಡು ಸೆಕೆಂಡ್ ತಡೆದು, ಆಮೇಲೆ ಲೈವ್‌ಗೆ ಹೋಗಬೇಕು ಅನ್ನುವಂಥದ್ದಕ್ಕೆ ಎರಡು ಮೂರು ಸಂಜೆ ಕೂರಬೇಕಾಗುತ್ತದೆ. ಐಪಿ ವಿಳಾಸ ಅಂದರೇನು ಅಂತ ಗೊತ್ತಿಲ್ಲದವರು ಮೊದಲು ಅದನ್ನು ಕಲಿಯಬೇಕು. ಕ್ಯಾಮರಾಗಳಿಗೆ ಬದಲಾಗದ ವಿಳಾಸ ಕೊಟ್ಟು, ಚೀಟಿಯಲ್ಲಿ ಬರೆದು ಕ್ಯಾಮರಾದ ಬೆನ್ನಿಗೇ ಅಂಟಿಸಿ. ಮಂಟಪದ ವೈಫೈಗೆ ಮಾತ್ರ ಕಂಪ್ಯಾನಿಯನ್ ಸೇರಿಸಬೇಡಿ. ಪಾಸ್‌ವರ್ಡ್ ನೀವಾಗೇ ಹಾಕದಿದ್ದರೆ ವಿಳಾಸ ಗೊತ್ತಿರುವ ಯಾರು ಬೇಕಾದರೂ ಅದರ ಪುಟ ತೆರೆದು ನಿಮ್ಮ ಕ್ಯಾಮರಾ ಆಡಿಸಬಹುದು.

ದುಡ್ಡಿನ ಮಾತು. ಹೊಸದಾಗಿ ಶುರು ಮಾಡುವವರು ಒಂದು ಕ್ಯಾಮರಾ ಕಡಿಮೆ ತಗೊಳ್ಳಿ, ಒಳಗಿನ ಸೆಟ್ಟಿಂಗ್ ಬದಲಿಸಬಹುದಾದ ಮ್ಯಾನೇಜ್ಡ್ ಸ್ವಿಚ್ಚಿಗೆ ಜಾಸ್ತಿ ಹಾಕಿ. ಕ್ವೆರಿಯರ್ ಇದೆಯಾ ಅಂತ ಅಂಗಡಿಯಲ್ಲೇ ಕೇಳಿ. ಅಂಗಡಿಯವರಿಗೇ ಗೊತ್ತಿಲ್ಲದಿದ್ದರೆ ಬೇರೆ ಅಂಗಡಿ ನೋಡಿ. ಪಿಓಇ ಒಟ್ಟು ಎಷ್ಟು ವ್ಯಾಟ್ ಕೊಡುತ್ತದೆ ಅಂತಲೂ ನೋಡಿ. ಕಂಟ್ರೋಲ್‌ಗೆ ಕಂಪ್ಯಾನಿಯನ್ ಸಾಕು.

ಜಾಯ್‌ಸ್ಟಿಕ್ ಡಬ್ಬಿ ಮಾರಾಟಕ್ಕಿದೆ. ಪೆಟ್ಟಿಗೆ, ಬಿಲ್ಲು ಎರಡೂ ಇವೆ.